ಪಾವಲಿ ಲೆಕ್ಕ

ವೈನೊ, ನಿನ್ನ ಬೀರು ತೆಗೆದೆ.
ಕೀಲಿಕೈ ಸಕ್ಕರೆ ಡಬ್ಬಿಯಲ್ಲೇ ಇತ್ತು, ಒಂಬತ್ತು ತಿಂಗಳಿಂದ.
ಗೊತ್ತಿತ್ತು. ಕೈ ಹೋಗಿರಲಿಲ್ಲ.

ನಲವತ್ತೊಂದು ಪೆಟ್ಟಿಗೆ, ವರ್ಷಕ್ಕೊಂದರಂತೆ
ಟಂಕಸಾಲೆಯಿಂದ ಅಂಚೆಯಲ್ಲಿ ಬಂದವು.
ಪ್ರತಿಯೊಂದಕ್ಕೂ ಪ್ರಮಾಣಪತ್ರ,
ನಮ್ಮ ಮದುವೆಯ ಪತ್ರಕ್ಕಿಂತ ದಪ್ಪ ಕಾಗದ.
ಕೋಟೆ, ಜಲಪಾತ, ಕಾಡೆಮ್ಮೆ, ಒಂದು ದೀಪಸ್ತಂಭ—
ಕಾರು ಹತ್ತಿ ನಾವು ನೋಡಲು ಹೋಗದ ದೇಶವೆಲ್ಲ
ಬ್ಯೂಟ್ ಊರಿನ ಈ ಬೀರುವಿನೊಳಗೆ
ಅಂಗುಲದಗಲ ಹೊಳೆಯುತ್ತ ಕೂತಿತ್ತು.

ಕೊನೆಯ ಪೆಟ್ಟಿಗೆಗಳಲ್ಲಿ ಹೆಂಗಸರು.
ವರ್ಷಕ್ಕೆ ಐವರು. ಒಬ್ಬಳು ಹಾರಿದವಳು, ಒಬ್ಬಳು ಕುಣಿದವಳು,
ಒಬ್ಬಳು ಕೋರ್ಟಿನಲ್ಲಿ ನಿಂತು ಮಾತಾಡಿದವಳು.
ಮಗುಚಿದರೆ ಮಾತ್ರ ಅದೇ ಮುದುಕ, ಅದೇ ಜುಟ್ಟು.
ಈ ಸಲ ಆಚೆ ತಿರುಗಿ ಕೂತಿದ್ದಾನೆ, ಅಷ್ಟೇ.

ಮುಟ್ಟಬೇಡ ಐಲಿ, ಅನ್ನುತ್ತಿದ್ದೆ ನೀನು.
ಬೆರಳಿನ ಜಿಡ್ಡು ಸಾಕು, ಕನ್ನಡಿ ಕೆಡುತ್ತದೆ.
ಬಿಳಿ ಕೈಗವಸು ತೊಟ್ಟು ದೀಪದಡಿ ಹಿಡಿಯುತ್ತಿದ್ದೆ:
ಬಯಲೆಲ್ಲ ಕನ್ನಡಿ, ಮುಖದ ಮೇಲೆ ಇಬ್ಬನಿ.
ಮಾಮೂಲಿ ನಾಣ್ಯಕ್ಕೆ ಒಂದೇ ಪೆಟ್ಟು, ಇದಕ್ಕೆ ಎರಡು,
ಅದಕ್ಕೇ ಇಷ್ಟು ಸ್ಪಷ್ಟ, ಅನ್ನುತ್ತಿದ್ದೆ.
ನಾನು ಲಾಂಡ್ರಿಯ ಲೆಕ್ಕ ಬರೆಯುತ್ತ ಹೂಂಗುಟ್ಟುತ್ತಿದ್ದೆ.
ಎರಡು ಪೆಟ್ಟು ತಿಂದವರನ್ನು ನಾನೂ ಕಂಡಿದ್ದೇನೆ.
ಅವರ ಮುಖ ಅಷ್ಟು ಸ್ಪಷ್ಟವಿರಲಿಲ್ಲ.

ಹೆಲೆನಾದಿಂದ ವ್ಯಾಪಾರಿ ಬಂದಿದ್ದ, ಥರ್ಸ್ಟನ್ ಅಂತ.
ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದ.
ಕೊಂಡ ಬೆಲೆಯೂ ಹುಟ್ಟದು ಅಮ್ಮಾ,
ಎಲ್ಲರೂ ಜೋಪಾನ ಮಾಡಿಬಿಟ್ಟಿದ್ದಾರೆ, ಅಂದ.
ಬೆಳ್ಳಿಯದಿದ್ದರೆ ಹೇಳಿ, ತೂಕಕ್ಕೆ ತಗೋತೀನಿ.
ಕಾಫಿ ಕುಡಿಸಿ ಕಳಿಸಿದೆ.

ನನ್ನಮ್ಮ ಹಿಲ್ಮಾ ನಿನಗೆ ಗೊತ್ತು. ಅಲ್ಲ,
ನಿನಗೆ ಗೊತ್ತಿದ್ದದ್ದು ಅವಳ ಮುಪ್ಪು ಮಾತ್ರ.
ಬೋರ್ಡಿಂಗ್ ಮನೆ, ಮೂರು ಪಾಳಿ, ಹದಿನೆಂಟು ಗಣಿಯಾಳು;
ಒಬ್ಬನ ಬಿಸಿ ಆರುವ ಮೊದಲೇ
ಅದೇ ಹಾಸಿಗೆಗೆ ಇನ್ನೊಬ್ಬ.
ಅವರ ಅಂಗಿ ನೆನೆಸಿದ ನೀರು ಹಸಿರಾಗುತ್ತಿತ್ತು.
ವಾರದ ಬಟ್ಟೆಗೆ ಒಂದು ಪಾವಲಿ;
ಕೊಡದವರ ಹೆಸರು ಗೋಡೆಯ ಮೇಲೆ, ಇದ್ದಿಲಲ್ಲಿ.
ಆ ಗೋಡೆ, ಆ ಬೀದಿ, ನಾನು ಹುಟ್ಟಿದ ಕೋಣೆ—
ತೋಡುತ್ತ ತೋಡುತ್ತ ಗಣಿ ನುಂಗಿತು.
ಈಗ ಅಲ್ಲಿ ಕೆಂಪು ನೀರು. ಇಳಿದ ಹಕ್ಕಿ ಏಳುವುದಿಲ್ಲ.
ಟಿಕೆಟ್ ಕೊಂಡು ನೋಡುತ್ತಾರೆ ಜನ.
ಅದೂ ಪರಂಪರೆಯಂತೆ.

ನಿನ್ನೆ ರಾತ್ರಿ, ಕ್ಷಮಿಸು, ತರಕಾರಿ ಚಾಕುವಿನಿಂದ
ಒಂದು ಪೆಟ್ಟಿಗೆ ಸೀಳಿದೆ.
ಯಾರೆಂದು ನೋಡಲಿಲ್ಲ. ಮೊದಲು ಕೈಗೆ ಬಂದವಳು.
ಅಂಗೈಯಲ್ಲಿ ತಣ್ಣಗಿದ್ದಳು.
ನನ್ನ ಹೆಬ್ಬೆರಳು ಅವಳ ಆಕಾಶದ ಮೇಲೆ ಬಿತ್ತು,
ಗೆರೆಗೆರೆಯಾಗಿ, ಒರೆಸಿದರೂ ಹೋಗದ ಹಾಗೆ.
ಆಮೇಲೆ ಅಂಚು ಕಂಡಿತು. ಪ್ಲಾಸ್ಟಿಕ್ಕು ಮುಚ್ಚಿಟ್ಟಿದ್ದ ಅಂಚು:
ಎರಡು ಬಿಳಿ ಪದರದ ನಡುವೆ
ಕೆಂಪಗೆ ಒಂದು ಗೆರೆ. ತಾಮ್ರ.
ವೈನೊ, ಇಷ್ಟು ತೋರಿಸಿದವನು
ಇದೊಂದನ್ನು ತೋರಿಸಲಿಲ್ಲವಲ್ಲ.
ಅಪ್ಪನ ಉಗುರ ಸಂದಿಯಲ್ಲಿ ಇದ್ದ ಬಣ್ಣ,
ಶವಪೆಟ್ಟಿಗೆಯಲ್ಲೂ ಇತ್ತು.

ಬೆಳಿಗ್ಗೆ ಅಂಗಡಿ ತೆರೆದೆ.
ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ಬಂದ ಹುಡುಗಿಯೊಬ್ಬಳು
ಒಣಗಿಸುವ ಏಳನೇ ಮಿಶನ್ನಿಗೆ ಮೂರು ಪಾವಲಿ ಹಾಕಿ
ಜೇಬು ತಡಕುತ್ತಿದ್ದಳು.
ನಾಲ್ಕನೆಯದನ್ನು ನಾನು ಹಾಕಿದೆ.
ವಿಶೇಷವೇನೂ ಆಗಲಿಲ್ಲ. ಉಳಿದವುಗಳ ಹಾಗೇ
ಕೊಟಕ್ ಅಂದಿತು. ಡೋಲು ತಿರುಗಿತು.
ಹುಡುಗಿ ಕೂತಲ್ಲೇ ನಿದ್ದೆ ಹೋದಳು.

ಸಂಜೆ ಎಣಿಸಿದೆ. ಸುರುಳಿಗೆ ನಲವತ್ತು.
ಸವಕಲುಗಳ ನಡುವೆ ಎದ್ದು ಕಾಣುತ್ತಿದ್ದಳು,
ಎತ್ತಿಡಬಹುದಿತ್ತು. ಎತ್ತಿಡಲೂ ಹೋದೆ, ಸುಳ್ಳೇಕೆ.
ಕೊನೆಗೆ ಕಾಗದ ಸುತ್ತಿ ತುದಿ ಮಡಚಿದೆ.
ಬ್ಯಾಂಕು ಒಂಬತ್ತಕ್ಕೆ ತೆರೆಯುತ್ತದೆ.

ನಿನ್ನ ಕೈಗವಸು ಬಿಳಿಬಟ್ಟೆಗಳ ಜೊತೆ
ನೀರಿಗೆ ಹಾಕಿದ್ದೇನೆ.